ಸದ್ದಲೇ! ಕೇಳುವ ಕಿವಿ, ಹಿಡಿಯುವ ಕೈ

(ಮೈಲಾರದಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಸಿಸ್ಟರ್ ಒಬ್ಬರು ಮಾಡಿದ ಭಾಷಣ)



ಉಳಿತಾಯ, ಸಾಲ, ಕಂತು ಇವುಗಳ ಬಗ್ಗೆ ನಾವು ಪ್ರತಿ ಸಭೆಯಲ್ಲೂ ಮಾತಾಡುತ್ತೇವೆ. ಇವತ್ತು ಸ್ವಲ್ಪ ಹೊತ್ತು ಲೆಕ್ಕದ ಪುಸ್ತಕ ಮುಚ್ಚಿಡೋಣ. ಇನ್ನೊಬ್ಬರ ಮಾತು ಕೇಳುವುದು, ಒಬ್ಬರಿಗೊಬ್ಬರು ಸೇರಿದವರಾಗಿ ಬದುಕುವುದು, ಇದರ ಬಗ್ಗೆ ನಾಲ್ಕು ಮಾತು ಹಂಚಿಕೊಳ್ಳೋಣ. ಇದು ಗುಡಿ, ಚರ್ಚು, ಮಸೀದಿಗೆ ಸೇರಿದ ಮಾತು ಅಂತ ನಾವು ತಿಳಿದಿರುತ್ತೇವೆ. ಆದರೆ ಇದು ನಾವು ವಾರವಾರ ಹಾಸುವ ಜಮಖಾನಕ್ಕೂ ಸೇರಿದ ಮಾತು.

ಒಂದು ಮಾತಿಗಾಗಿ ಲಕ್ಷ ಜನರ ಮೌನ

ನಾವು ಇವತ್ತು ಕೂತಿರುವ ಈ ಮೈಲಾರ, ಕೇಳುವುದಕ್ಕೆ ಹೆಸರಾದ ಊರು. ಭರತ ಹುಣ್ಣಿಮೆಯ ಜಾತ್ರೆಗೆ ಇಲ್ಲಿ ಎಷ್ಟು ಜನ ಸೇರುತ್ತಾರೆ ಅನ್ನೋದನ್ನು ನಿಮಗೆ ಹೇಳಬೇಕಾಗಿಲ್ಲ. ಹಾವೇರಿ, ದಾವಣಗೆರೆ, ಗದಗ ಕಡೆಯಿಂದಲೂ ಬಂಡಿ ಕಟ್ಟಿಕೊಂಡು, ಟ್ರ್ಯಾಕ್ಟರ್ ಹತ್ತಿ, ಕೆಲವರು ನಡೆದೇ ಬರುತ್ತಾರೆ. ತುಂಗಭದ್ರೆಯ ದಂಡೆಯಲ್ಲಿ ಬಿಡಾರ ಹೂಡುತ್ತಾರೆ. ಎಲ್ಲಿ ನೋಡಿದರೂ ಭಂಡಾರದ ಹಳದಿ. ಕರಿ ಕಂಬಳಿಯ ಗೊರವಪ್ಪಗಳ ಡಮರುಗದ ಸದ್ದು, ಏಳುಕೋಟಿಯ ಕೂಗು, ದೋಣಿ ತುಂಬಿಸುವವರ ಗದ್ದಲ, ಮಕ್ಕಳ ಪೀಪಿ, ಅಂಗಡಿಯವರ ಮೈಕು. ಪಕ್ಕದಲ್ಲಿದ್ದವರ ಮಾತೂ ಕೇಳಿಸುವುದಿಲ್ಲ.

ಹುಣ್ಣಿಮೆಯಾದ ಮೇಲೆ ಡೆಂಕನಮರಡಿಯಲ್ಲಿ ಕಾರ್ಣಿಕ. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರಿ "ಸದ್ದಲೇ" ಎನ್ನುತ್ತಾರೆ. ಆ ಒಂದು ಮಾತಿಗೆ ಅಷ್ಟು ದೊಡ್ಡ ಜಾತ್ರೆ ಗಪ್ಪನೆ ಸುಮ್ಮನಾಗುತ್ತದೆ. ಲಕ್ಷಗಟ್ಟಲೆ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಗೊರವಯ್ಯ ಒಂದೇ ಒಂದು ನುಡಿ ಹೇಳಿ ಬಿಲ್ಲಿನ ಮೇಲಿನಿಂದ ಬಿದ್ದುಬಿಡುತ್ತಾರೆ. ಕೆಳಗಿದ್ದವರು ಕೈಚಾಚಿ ಅವರನ್ನು ಹಿಡಿದುಕೊಳ್ಳುತ್ತಾರೆ.

ನಮ್ಮ ನಂಬಿಕೆಯ ದಾರಿ ಬೇರೆ. ಕಾರ್ಣಿಕ ನಿಜವಾಗುತ್ತದೋ ಇಲ್ಲವೋ ಅನ್ನೋ ಚರ್ಚೆಗೂ ನಾವು ಹೋಗುವುದಿಲ್ಲ. ಆದರೆ ಇದರಲ್ಲಿ ಎರಡು ವಿಷಯ ನಮ್ಮನ್ನು ಯೋಚನೆಗೆ ಹಚ್ಚುತ್ತವೆ. ಒಂದು, ಮಾತಿಗಿಂತ ಮುಂಚೆ ಬರುವ ಮೌನ. ಇನ್ನೊಂದು, ಮಾತು ಮುಗಿದ ಮೇಲೆ ಕೆಳಗೆ ಕಾದಿರುವ ಕೈಗಳು. ಮೌನ ಇಲ್ಲದಿದ್ದರೆ ಆ ನುಡಿ ಯಾರಿಗೂ ಕೇಳಿಸುವುದಿಲ್ಲ. ಕೈ ಇಲ್ಲದಿದ್ದರೆ ನುಡಿದವರು ಉಳಿಯುವುದಿಲ್ಲ.

ಈಗ ನಮ್ಮ ಮನೆಗಳ ಕಡೆ ನೋಡೋಣ. ಹೆಂಗಸರಿಗೆ "ಸದ್ದಲೇ" ಅಂತ ಬಾಯಿ ಮುಚ್ಚಿಸುವವರು ಬೇಕಾದಷ್ಟು ಜನ ಇದ್ದಾರೆ. ಹೆಂಗಸಿನ ಮಾತು ಕೇಳಲಿಕ್ಕಾಗಿ ಉಳಿದವರಿಗೆ "ಸದ್ದಲೇ" ಅನ್ನುವವರು ಎಷ್ಟು ಜನ? ಗಂಡ ಟಿವಿ ನೋಡುತ್ತಿರುತ್ತಾನೆ, ಮಗ ಮೊಬೈಲಿನಲ್ಲಿರುತ್ತಾನೆ, ಅತ್ತೆಗೆ ಕಿವಿ ಮಂದ. ಗೋಡೆ ಜೊತೆ ಮಾತಾಡೋದೂ ಒಂದೇ, ಇವರ ಜೊತೆ ಮಾತಾಡೋದೂ ಒಂದೇ ಅಂತ ಒಬ್ಬ ಅಕ್ಕ ನಮಗೆ ಹೇಳಿದರು. ಇಲ್ಲಿ ಕೂತವರಲ್ಲಿ ಎಷ್ಟೋ ಮಂದಿ ತಲೆ ಅಲ್ಲಾಡಿಸುತ್ತಿದ್ದೀರಿ!

ಕೇಳಿದ್ದು ಒಂದೇ, ತಿಳಿದದ್ದು ಬೇರೆ ಬೇರೆ

ಕಾರ್ಣಿಕ ಮುಗಿದ ಮೇಲೆ ಏನಾಗುತ್ತದೆ ನೋಡಿರಿ. ಎಲ್ಲರೂ ಕೇಳಿದ್ದು ಅದೇ ಒಂದು ನುಡಿ. ಆದರೆ ರೈತ ಅದರಲ್ಲಿ ಮಳೆ-ಬೆಳೆಯನ್ನು ಹುಡುಕುತ್ತಾನೆ. ವ್ಯಾಪಾರಿ ಧಾರಣೆಯನ್ನು ಹುಡುಕುತ್ತಾನೆ. ರಾಜಕೀಯದವರು ಕುರ್ಚಿಯನ್ನು ಹುಡುಕುತ್ತಾರೆ. ಊರಿಗೆ ಹೋಗುವ ಬಸ್ಸಿನಲ್ಲಿ ಅದರ ಅರ್ಥಕ್ಕೆ ವಾದವೇ ನಡೆಯುತ್ತದೆ. ಒಬ್ಬೊಬ್ಬರ ಚಿಂತೆ ಒಬ್ಬೊಬ್ಬರ ಕಿವಿಯಲ್ಲಿ ಕೂತಿರುತ್ತದೆ.

ದಿನಾ ನಾವೂ ಹೀಗೇ ಕೇಳುತ್ತೇವೆ. ಸಂಘದಲ್ಲಿ ಒಬ್ಬಾಕೆ "ಈ ವಾರ ಕಂತು ಆಗಲ್ರೀ" ಅಂತಾಳೆ. ಪ್ರತಿನಿಧಿಗೆ ಕೇಳಿಸುವುದು ಬ್ಯಾಂಕಿನ ಮ್ಯಾನೇಜರ್ ಬೈಗುಳ. ಪಕ್ಕದವಳಿಗೆ ಕೇಳಿಸುವುದು ತನ್ನ ಪಾಲಿನ ದಂಡ. ಮತ್ತೊಬ್ಬಳಿಗೆ "ಮೊನ್ನೆ ಹೊಸ ಸೀರೆ ಉಟ್ಟಿದ್ದಳಲ್ಲ" ಅನ್ನೋ ನೆನಪು. ಹೇಳಿದವಳ ಮನಸ್ಸಿನಲ್ಲಿ ಏನಿತ್ತು? ಅದನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಸದ್ದು ಕಿವಿಗೆ ಬೀಳುವುದು ಒಂದು, ಆ ಮನುಷ್ಯರನ್ನು ಕೇಳುವುದು ಇನ್ನೊಂದು. ಹೊರಗಿನ ಸದ್ದನ್ನು ನಿಲ್ಲಿಸುವುದು ಸುಲಭ. ನಮ್ಮೊಳಗಿನ ಚಿಂತೆ, ಸಿಟ್ಟು, ಅನುಮಾನಗಳಿಗೆ "ಸದ್ದಲೇ" ಅನ್ನುವುದೇ ಕಷ್ಟ.

"ನೀವು ಯಾರ ಪೈಕಿ?"

ನಮ್ಮ ಕಡೆ ಹೊಸಬರು ಬಂದರೆ ಮೊದಲು ಕೇಳುವ ಪ್ರಶ್ನೆ ಇದು: "ನೀವು ಯಾರ ಪೈಕಿ?" ನಾವು ಸಿಸ್ಟರ್‌ಗಳು ಈ ಭಾಗದ ಹಳ್ಳಿಗಳಿಗೆ ಬಂದಾಗಲೂ ಹಾಗೇ ಕೇಳುತ್ತಿದ್ದರು. ತವರು ಬಿಟ್ಟು ಬಂದವರು, ಮದುವೆ ಇಲ್ಲ, ಮಕ್ಕಳಿಲ್ಲ, ಯಾರ ಪೈಕಿ ಅಂತ ಹೇಳೋದು? ದಿನ ಕಳೆದ ಮೇಲೆ ಒಬ್ಬ ಅಜ್ಜಿ ತಾನೇ ಉತ್ತರ ಕೊಟ್ಟಳು: "ಇವರು ನಮ್ಮ ಪೈಕಿನೇ ಬಿಡು. ನಮ್ಮ ಕಟ್ಟೆ ಮ್ಯಾಲೆ ಕೂತು ನಮ್ಮ ಮಾತು ಕೇಳ್ತಾರ." ಕೂತು ಕೇಳಿದ್ದಕ್ಕೆ ನಾವು ಅವಳ ಪೈಕಿ ಆದೆವು.

ಕಾಗದದಲ್ಲಿ ಸೇರುವುದು ಬೇರೆ, ಮನಸ್ಸಿನಲ್ಲಿ ಸೇರುವುದು ಬೇರೆ. ಈ ಪ್ರದೇಶವನ್ನೇ ತೆಗೆದುಕೊಳ್ಳಿರಿ. ಬಳ್ಳಾರಿ ಜಿಲ್ಲೆ ಮೊದಲು ಮದ್ರಾಸಿಗೆ ಸೇರಿತ್ತು. 1953ರಲ್ಲಿ ಬಳ್ಳಾರಿಯೂ ಈ ತಾಲ್ಲೂಕುಗಳೂ ಮೈಸೂರು ರಾಜ್ಯಕ್ಕೆ ಬಂದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಕಚೇರಿಯ ಬೋರ್ಡು ಬದಲಾಯಿತು. ಆದರೆ ಅಲ್ಲಿನ ಅವ್ವಂದಿರ ಹೊಲ, ಬಾವಿ, ನೆರೆಹೊರೆ ಬದಲಾಗಲಿಲ್ಲ.

ಹೆಣ್ಣುಮಕ್ಕಳ ಪಾಡೂ ಹೀಗೇ. ಮದುವೆಯಾದ ಮೇಲೆ ತವರಿನ ರೇಷನ್ ಕಾರ್ಡಿನಿಂದ ಹೆಸರು ತೆಗೆಯುತ್ತಾರೆ, ಗಂಡನ ಮನೆಯ ಕಾರ್ಡಿಗೆ ಸೇರಿಸುತ್ತಾರೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಅಂತ ತವರಿನವರು ಹೇಳುತ್ತಾರೆ. "ಹೊರಗಿನಿಂದ ಬಂದವಳು" ಅಂತ ಅತ್ತೆಮನೆಯವರು ಹೇಳುತ್ತಾರೆ. ಹಾಗಾದರೆ ಆಕೆ ಎಲ್ಲಿಯವಳು? ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಂದ ತಿದ್ದುಪಡಿ, ತಂದೆಯ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಕಾನೂನು ಹಕ್ಕು ಕೊಡಬಹುದು. ಆದರೆ ತವರಿನ ಬಾಗಿಲಲ್ಲಿ "ಬಾ ತಂಗಿ, ಕೂತ್ಕ" ಅನ್ನುವ ದನಿಯನ್ನು ಕಾನೂನು ತರಲಾರದು.

ಇದಕ್ಕಿಂತ ದೊಡ್ಡ ನೋವು ಇನ್ನೊಂದಿದೆ. ನಮ್ಮ ತಾಲ್ಲೂಕುಗಳಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರು ಇದ್ದಾರೆ. "ನೀನು ದೇವರಿಗೆ ಸೇರಿದವಳು" ಅಂತ ಅವರಿಗೆ ಚಿಕ್ಕಂದಿನಲ್ಲೇ ಹೇಳಿದರು. ದೇವರ ಹೆಸರಿನಲ್ಲಿ ಸೇರಿಸಿದರು, ಆದರೆ ಯಾವ ಮನೆಗೂ ಸೇರಲು ಬಿಡಲಿಲ್ಲ. ಮಗುವಿನ ತಂದೆಯ ಹೆಸರು ಏನು ಅಂತ ಶಾಲೆಯಲ್ಲಿ ಕೇಳಿದಾಗ ತಲೆ ತಗ್ಗಿಸುವಂತೆ ಮಾಡಿದರು. 1982ರ ಕಾಯ್ದೆ ಈ ಪದ್ಧತಿಯನ್ನು ನಿಷೇಧಿಸಿತು. ಆ ತಾಯಂದಿರು ಸಂಘಕ್ಕೆ ಬಂದು ಎಲ್ಲರ ಜೊತೆ ಒಂದೇ ಜಮಖಾನದ ಮೇಲೆ ಕೂತಾಗ, ಅವರ ಹೆಸರಿಗೆ "ಅಕ್ಕ" ಅಂತ ಸೇರಿಸಿ ಕರೆದಾಗ, ಅಲ್ಲಿ ದೇವರ ಕೆಲಸ ನಡೆದಿದೆ ಅಂತ ನಾವು ನಂಬುತ್ತೇವೆ.

ಮರುಭೂಮಿಯಲ್ಲಿ ಅತ್ತ ತಾಯಿ

ಪವಿತ್ರ ಬೈಬಲಿನ ಮೊದಲ ಪುಸ್ತಕದಲ್ಲಿ ಹಾಗರಳೆಂಬ ಹೆಣ್ಣುಮಗಳ ಕಥೆ ಇದೆ. ನಮ್ಮ ಮುಸ್ಲಿಂ ಸಹೋದರಿಯರು ಆಕೆಯನ್ನು ಹಾಜಿರಾ ಎಂದು ಗೌರವದಿಂದ ನೆನೆಯುತ್ತಾರೆ. ಆಕೆ ಪರದೇಶದವಳು, ಮನೆಯ ದಾಸಿ. ಯಜಮಾನನಿಂದ ಒಂದು ಮಗುವಾಯಿತು. ಆಮೇಲೆ ಆ ಮನೆಗೆ ಆಕೆ ಬೇಡವಾದಳು. ಸ್ವಲ್ಪ ರೊಟ್ಟಿ, ಒಂದು ತಿತ್ತಿ ನೀರು ಕೊಟ್ಟು ತಾಯಿ-ಮಗನನ್ನು ಹೊರಗೆ ಕಳಿಸಿದರು. ನೀರು ಮುಗಿಯಿತು. ಮಗ ಸಾಯುವುದನ್ನು ಕಣ್ಣಾರೆ ನೋಡಲಾರೆ ಅಂತ ಆಕೆ ದೂರ ಕೂತು ಅತ್ತಳು. ಆಗ ಹುಡುಗನ ದನಿ ದೇವರಿಗೆ ಕೇಳಿಸಿತು, ಆಕೆಗೆ ಹತ್ತಿರದಲ್ಲೇ ನೀರಿನ ಬಾವಿ ಕಾಣಿಸಿತು. ಆ ಮಗನ ಹೆಸರು ಇಷ್ಮಾಯೇಲ್. ಆ ಹೆಸರಿನ ಅರ್ಥವೇ "ದೇವರು ಕೇಳುತ್ತಾನೆ" ಎಂದು.

ನೋಡಿರಿ, ಆಕೆ ಯಾರ ಪೈಕಿಯೂ ಅಲ್ಲ. ಆಕೆಗೆ ಮನೆ ಇಲ್ಲ, ಊರಿಲ್ಲ, ಪರವಾಗಿ ಮಾತಾಡುವವರಿಲ್ಲ. ಅಂಥವಳ ಅಳುವನ್ನು ಕೇಳಿದ ದೇವರು ಬರೀ ಸಮಾಧಾನ ಹೇಳಿ ಸುಮ್ಮನಾಗಲಿಲ್ಲ, ನೀರನ್ನೂ ತೋರಿಸಿದ. ಕೇಳುವುದು ಮತ್ತು ಹಿಡಿಯುವುದು ಅಲ್ಲೂ ಒಟ್ಟಿಗೇ ಇವೆ. ನಾವು ಯಾವ ಹೆಸರಿನಿಂದ ದೇವರನ್ನು ಕರೆದರೂ, ನಮ್ಮನ್ನು ಕೇಳುವವನೊಬ್ಬ ಇದ್ದಾನೆ ಅನ್ನೋ ನಂಬಿಕೆಯೇ ಅಲ್ಲವೇ ನಮ್ಮನ್ನು ಬೆಳಗ್ಗೆ ಎಬ್ಬಿಸುವುದು?

ಹೂ ಕಟ್ಟುವಾಗ ಹೊರಗೆ ಬಂದ ಮಾತು

ನಾವು ಓಡಾಡುವ ಹಳ್ಳಿಗಳಲ್ಲಿ ನಡೆದ ಒಂದು ಸಂಗತಿ ಹೇಳುತ್ತೇವೆ. ಹೆಸರು ಬೇಡ, ಊರೂ ಬೇಡ.

ಒಂದು ಸಂಘದ ಸದಸ್ಯೆ ಮೂರು ವಾರದಿಂದ ಸಭೆಗೆ ತಡವಾಗಿ ಬಂದು ಬಾಗಿಲ ಬಳಿ ಕೂರುತ್ತಿದ್ದಳು. ಕಂತು ಕೇಳಿದರೆ "ಮುಂದಿನ ವಾರ ಕೊಡ್ತೀನ್ರಿ" ಎನ್ನುತ್ತಿದ್ದಳು. ನಾಲ್ಕನೇ ವಾರ ಬರಲೇ ಇಲ್ಲ. ದಂಡ ಹಾಕಬೇಕು, ಹೆಸರು ತೆಗೆಯಬೇಕು ಅಂತ ಸದಸ್ಯೆಯರಲ್ಲಿ ಮಾತು ಬಂತು. ಗಂಡ-ಹೆಂಡತಿ ಗುಳೆ ಹೋಗುವವರಿದ್ದಾರೆ ಅಂತ ಸುದ್ದಿಯೂ ಹರಡಿತು.

ಆ ಸಂಘದಲ್ಲಿ ಒಬ್ಬ ಹಿರಿಯ ಅಕ್ಕ ಇದ್ದರು. ಓದು ಬರಹ ಇಲ್ಲ, ಸಹಿಗೆ ಹೆಬ್ಬೆಟ್ಟು. ಅವರು ಸಂಜೆ ಒಂದು ಬುಟ್ಟಿ ಮಲ್ಲಿಗೆ ಮೊಗ್ಗು ತೆಗೆದುಕೊಂಡು ಅವಳ ಮನೆಗೆ ಹೋದರು. "ಕೈ ಹಚ್ಚು ಬಾರವ್ವ, ಬೆಳಗ್ಗೆ ಮಾಲೆ ಕೊಡಬೇಕು" ಅಂದರು. ಕಂತಿನ ಮಾತು ಎತ್ತಲಿಲ್ಲ. ಹಡಗಲಿ ಮಲ್ಲಿಗೆ ಕಟ್ಟುವ ನಿಮಗೆ ಇದು ಗೊತ್ತು. ಹೂ ಕಟ್ಟುವಾಗ ಕಣ್ಣು ಹೂವಿನ ಮೇಲೆ ಇರುತ್ತದೆ, ಎದುರಿನವರ ಮುಖ ನೋಡಬೇಕಾಗಿಲ್ಲ. ಎಷ್ಟೋ ದಿನ ಗಂಟಲಲ್ಲಿದ್ದ ಮಾತು ಆಗ ತಾನಾಗಿ ಹೊರಗೆ ಬರುತ್ತದೆ. ಅರ್ಧ ಬುಟ್ಟಿ ಮುಗಿಯುವ ಹೊತ್ತಿಗೆ ಅವಳು ಅಳುತ್ತಿದ್ದಳು. ಮಗನ ಆಸ್ಪತ್ರೆ ಖರ್ಚಿಗೆ ಒಂದು ಕಡೆ ಕಿರುಸಾಲ ತೆಗೆದಿದ್ದಳು. ಅದನ್ನು ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. ಈಗ ವಾರಕ್ಕೆ ಮೂರು ಕಡೆಯವರು ಬಂದು ಬಾಗಿಲಲ್ಲಿ ಕೂರುತ್ತಿದ್ದರು. ಓಣಿಯವರ ಮುಂದೆ ಮರ್ಯಾದೆ ಹೋಯಿತು, ಇನ್ನು ಬದುಕಿ ಏನು ಮಾಡಲಿ ಅಂತ ಅವಳಿಗೆ ಅನ್ನಿಸಿತ್ತು.

ಆ ಅಕ್ಕ ಉಪದೇಶ ಮಾಡಲಿಲ್ಲ. "ಯಾಕೆ ತಗಂಡಿ?" ಅಂತ ಬೈಯಲಿಲ್ಲ. ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ನಾವು ಏನು ಮಾಡಿದರೆ ನಿಂಗೆ ಇವತ್ತು ರಾತ್ರಿ ನಿದ್ದೆ ಬರ್ತೈತಿ?" ಆ ರಾತ್ರಿ ಅವಳನ್ನು ಒಬ್ಬಳನ್ನೇ ಬಿಡದೆ ಅಲ್ಲೇ ಮಲಗಿದರು. ಅವಳ ಒಪ್ಪಿಗೆ ಪಡೆದು ಮರುದಿನ ಸಂಘದ ಸಭೆ ಕರೆಸಿದರು. ಸಂಘದ ಕಂತನ್ನು ಸಣ್ಣದು ಮಾಡಿ ತಿಂಗಳು ಹೆಚ್ಚಿಸಿದರು. ವಸೂಲಿಯವರು ಬರುವ ದಿನ ಇಬ್ಬರು ಸದಸ್ಯೆಯರು ಅವಳ ಪಕ್ಕ ಕೂತರು. ಸಾಲದ ಚೀಟಿಗಳನ್ನೆಲ್ಲ ಒಟ್ಟು ಮಾಡಿ ಯಾವುದಕ್ಕೆ ಎಷ್ಟು ಅಂತ ಬರೆಸಿದರು. ಸಾಲ ಇನ್ನೂ ತೀರಿಲ್ಲ. ಆದರೆ ಅವಳು ಊರಲ್ಲಿದ್ದಾಳೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಅವಳು ಈಗ ಬಾಗಿಲ ಬಳಿ ಕೂರುವುದಿಲ್ಲ.

ಕಿರುಸಾಲದ ವಸೂಲಿಗೆ ಕಿರುಕುಳ, ಬಲವಂತ ಮಾಡುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಹೆದರಿಸಿದರೆ, ಅವಮಾನ ಮಾಡಿದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಆದರೆ ಯಾರೂ ಕೇಳದಿದ್ದರೆ ಅವಳು ಆ ಠಾಣೆಯ ತನಕ ಹೋಗುವುದಾದರೂ ಹೇಗೆ? ಕಾನೂನಿಗಿಂತ ಮೊದಲು ಒಂದು ಕಿವಿ ಬೇಕು.

ಪಂಚಸೂತ್ರದ ಪಕ್ಕದಲ್ಲಿ ಇನ್ನೊಂದು

ನಮ್ಮ ಸಂಘಗಳು ಹೇಗೆ ಹುಟ್ಟಿದವು ಅನ್ನೋದನ್ನು ನೆನಪಿಸಿಕೊಳ್ಳೋಣ. 1992ರಲ್ಲಿ ನಬಾರ್ಡ್ ಸಂಸ್ಥೆ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿತು. 2000-01ರಲ್ಲಿ ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಹೊಲದ ಪಹಣಿ ಇಲ್ಲದ, ಬಂಗಾರ ಇಲ್ಲದ ಹೆಂಗಸರಿಗೆ ಬ್ಯಾಂಕಿನವರು ಸಾಲ ಕೊಟ್ಟರು. ಜಾಮೀನು ಏನು? "ನಾವು ಒಬ್ಬರನ್ನೊಬ್ಬರು ಬಲ್ಲೆವು" ಅನ್ನೋದೇ ಜಾಮೀನು. ಒಬ್ಬರ ಮಾತು ಒಬ್ಬರು ಕೇಳದೆ ಬಲ್ಲೆವು ಅಂತ ಹೇಗೆ ಹೇಳುವುದು? ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಲೆಕ್ಕ, ಈ ಐದು ಸೂತ್ರ ನಿಮಗೆ ಬಾಯಿಪಾಠ. ಕೇಳುವುದನ್ನೂ ಅದರ ಪಕ್ಕದಲ್ಲಿ ಇಟ್ಟುಕೊಳ್ಳೋಣ.

ಇದು ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೇ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತು. ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಇಷ್ಟು ಬೇಡ, ತಿರುಗಿ ಹಾಕಿ ಬನ್ನಿ ಅಂದಳು ಲಕ್ಕಮ್ಮ. ಅವಳು ಹೇಳಿದ್ದನ್ನು ನಾವು ಕೊಂಡಾಡುತ್ತೇವೆ. ಮಾರಯ್ಯ ಆ ಮಾತನ್ನು ಕೇಳಿದ, ಅದನ್ನೂ ನೆನಪಿಡೋಣ. ಕೇಳಿದ್ದಕ್ಕೆ ಅವನೇನೂ ಸಣ್ಣವನಾಗಲಿಲ್ಲ.

ದೊಡ್ಡ ದೊಡ್ಡವರೂ ಇದನ್ನು ಕಲಿಯಬೇಕಾಗುತ್ತದೆ. 2025ರಲ್ಲಿ ದೈವಾಧೀನರಾದ ಪೋಪ್ ಫ್ರಾನ್ಸಿಸ್, 2022ರ ವಿಶ್ವ ಸಂವಹನ ದಿನದ ಸಂದೇಶಕ್ಕೆ ಹೃದಯದ ಕಿವಿಯಿಂದ ಕೇಳುವುದನ್ನೇ ವಿಷಯವಾಗಿ ಆರಿಸಿಕೊಂಡಿದ್ದರು. 2023ರಲ್ಲಿ ರೋಮಿನಲ್ಲಿ ನಡೆದ ಧರ್ಮಸಭೆಯ ಸಿನೊಡಿನಲ್ಲಿ ಬಿಷಪರು, ಸಿಸ್ಟರ್‌ಗಳು, ಸಾಮಾನ್ಯ ಭಕ್ತರು ದುಂಡು ಮೇಜುಗಳ ಸುತ್ತ ಕೂತರು. ಒಬ್ಬೊಬ್ಬರು ಕೆಲವೇ ನಿಮಿಷ ಮಾತಾಡುವುದು, ನಡುನಡುವೆ ಎಲ್ಲರೂ ಮೌನವಾಗಿರುವುದು, ಹೀಗೆ ನಡೆಯಿತು. ಸಿನೊಡಿನಲ್ಲಿ ಮಹಿಳೆಯರಿಗೆ ಮತ ಹಾಕುವ ಹಕ್ಕು ಸಿಕ್ಕಿದ್ದೂ ಆಗಲೇ ಮೊದಲು. ದುಂಡಗೆ ಕೂರುವುದನ್ನು ನೀವು ಎಷ್ಟೋ ವರ್ಷದಿಂದ ಜಮಖಾನದ ಮೇಲೆ ಮಾಡುತ್ತಿದ್ದೀರಿ. ಮೌನ ಒಂದನ್ನು ಅದಕ್ಕೆ ಸೇರಿಸಿದರೆ ಸಾಕು.

ಸಭೆಯಲ್ಲಿ ಹತ್ತು ನಿಮಿಷ

ಮುಂದಿನ ವಾರದಿಂದ ಪ್ರಾರ್ಥನೆ ಗೀತೆ ಆದ ಮೇಲೆ, ಲೆಕ್ಕಕ್ಕೆ ಮುಂಚೆ, ಹತ್ತು ನಿಮಿಷ ಕೇಳುವುದಕ್ಕೆ ಇಡಿರಿ. ಈ ಐದನ್ನು ಪಾಲಿಸಿರಿ.

1. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಮೊಬೈಲು ಚೀಲದಲ್ಲಿರಲಿ. ಮಾತಾಡಲು ಮನಸ್ಸಿಲ್ಲದವರನ್ನು ಒತ್ತಾಯ ಮಾಡಬೇಡಿರಿ.

2. ಮಾತು ಮುಗಿದ ಕೂಡಲೇ ಉತ್ತರ ಕೊಡಬೇಡಿರಿ. ನಾಲ್ಕು ಉಸಿರು ಎಳೆಯುವಷ್ಟು ಹೊತ್ತು ಸುಮ್ಮನಿರಿ. ಎಷ್ಟೋ ಸಲ ನಿಜವಾದ ಮಾತು ಆ ಮೌನದ ನಂತರವೇ ಬರುತ್ತದೆ.

3. "ನಂಗೂ ಹಂಗೇ ಆಗಿತ್ತು" ಅಂತ ನಮ್ಮ ಕಥೆ ಶುರು ಮಾಡಬಾರದು. ಆ ಹತ್ತು ನಿಮಿಷ ಅವರದು.

4. ಜಮಖಾನದ ಮೇಲೆ ಆಡಿದ ಮಾತನ್ನು ಜಮಖಾನದಲ್ಲೇ ಸುತ್ತಿಡಿರಿ. ಬಾವಿಕಟ್ಟೆಗೆ ಒಯ್ಯಬೇಡಿರಿ. ಆದರೆ ಜೀವಕ್ಕೆ ಅಪಾಯ ಇದ್ದರೆ, ಹೊಡೆತ ಬಡಿತ ಇದ್ದರೆ ಮುಚ್ಚಿಡಬೇಡಿರಿ. ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112. ಮನಸ್ಸು ತೀರಾ ಕುಗ್ಗಿದವರು ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಇಲ್ಲ.

5. ಕೊನೆಗೆ "ನಾವು ಏನು ಮಾಡಬೇಕು?" ಅಂತ ಕೇಳಿರಿ. ಆಗುವುದನ್ನು ಮಾತ್ರ ಒಪ್ಪಿಕೊಳ್ಳಿರಿ. ಒಪ್ಪಿಕೊಂಡದ್ದನ್ನು ಮಾಡಿರಿ.

ಮನೆಯಲ್ಲೂ ದಿನಕ್ಕೆ ಐದು ನಿಮಿಷ ನಿಮಗಾಗಿ ಇಟ್ಟುಕೊಳ್ಳಿರಿ. ಒಲೆ ಹಚ್ಚುವ ಮುಂಚೆ, ಯಾರೂ ಎದ್ದಿರದ ಹೊತ್ತಿನಲ್ಲಿ ಸುಮ್ಮನೆ ಕೂರಿರಿ. ಪ್ರಾರ್ಥನೆ ಅಂದರೆ ನಮಗೆ ಬೇಕಾದದ್ದರ ಪಟ್ಟಿ ಓದುವುದಷ್ಟೇ ಅಲ್ಲ, ದೇವರಿಗೂ ಮಾತಾಡಲು ಸ್ವಲ್ಪ ಹೊತ್ತು ಬಿಡಬೇಕು. ಆ ಐದು ನಿಮಿಷದಲ್ಲಿ ಯಾರ ಮುಖ ನೆನಪಿಗೆ ಬರುತ್ತದೋ, ಅವತ್ತು ಅವರನ್ನು ಮಾತಾಡಿಸಿರಿ. ದೇವರ ಮಾತು ಬಹಳ ಸಲ ಹಾಗೇ ಬರುತ್ತದೆ, ಪಕ್ಕದ ಮನೆಯವಳ ಮುಖವಾಗಿ.

ಸಂಘದಲ್ಲಿ ಚರ್ಚಿಸಲು

ನಮ್ಮ ಸಂಘದಲ್ಲಿ ಬಾಗಿಲ ಬಳಿ ಕೂರುವವರು ಯಾರು? ಕಳೆದ ಮೂರು ಸಭೆಯಲ್ಲಿ ಒಂದು ಮಾತೂ ಆಡದವರು ಯಾರು? ಅವರ ಮನೆಗೆ ಕಂತಿನ ಮಾತಿಲ್ಲದೆ ಹೋಗಿ ಬರುವವರು ಯಾರು?

ಈ ಮೂರಕ್ಕೂ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಡಿರಿ, ಮನಸ್ಸಿನಲ್ಲಿ ಬರೆದುಕೊಳ್ಳಿರಿ. ಬಸ್ಸಿನ ಹೊತ್ತಾಯಿತು, ಊಟ ಮಾಡಿಕೊಂಡೇ ಹೊರಡಿರಿ.  ದೇವರು ನಿಮ್ಮ ಕಿವಿಯನ್ನೂ ಕೈಯನ್ನೂ ಆಶೀರ್ವದಿಸಲಿ.